ನಮ್ಮ ವಾಚನಾಲಯಕ್ಕೆ ಯಾವ ಅನುದಾನ ಒಗ್ಗಿತು? ಆರು ವರ್ಷದ ಅರ್ಜಿಗಳ ಅನುಭವ

ಕೇರಳದ ಕಾಸರಗೋಡು ಜಿಲ್ಲೆಯಲ್ಲಿ, ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ದಾರಿಯಲ್ಲಿ, ಮುಖ್ಯ ರಸ್ತೆ ಬಿಟ್ಟು ಸ್ವಲ್ಪ ಒಳಗೆ ನಮ್ಮ ವಾಚನಾಲಯ ಇದೆ. ಎರಡು ಕೋಣೆ, ಒಂದು ಉದ್ದ ಜಗಲಿ. ಬೆಳಿಗ್ಗೆ ಪೇಪರ್ ಓದಲು ಜನ ಬರುತ್ತಾರೆ. ಸಂಜೆ ಪುಸ್ತಕ ಕೊಡುತ್ತೇವೆ. ಶನಿವಾರ, ಭಾನುವಾರ ಅದೇ ಜಗಲಿಯಲ್ಲಿ ಮಕ್ಕಳಿಗೆ ಯಕ್ಷಗಾನ ತರಗತಿ. ಕುಂಬಳೆ ಸೀಮೆಯ ಮಕ್ಕಳು ಹೆಜ್ಜೆ ಕಲಿಯದೆ ಬೆಳೆಯಬಾರದು ಅಂತ ನಮ್ಮ ಆಸೆ.

ಆರು ವರ್ಷದಿಂದ ಇದರ ಕಾರ್ಯದರ್ಶಿ ನಾನು. ಖರ್ಚು ದೊಡ್ಡದೇನಲ್ಲ. ನಾಲ್ಕು ಪತ್ರಿಕೆ, ಕರೆಂಟ್ ಬಿಲ್, ಗುರುಗಳ ಬಸ್ ಖರ್ಚು ಮತ್ತು ಸಂಭಾವನೆ, ವರ್ಷಕ್ಕೊಮ್ಮೆ ಮಾಡಿನ ಹೆಂಚು ಸರಿ ಮಾಡಿಸುವುದು, ವರ್ಷಕ್ಕೊಮ್ಮೆ ಮಕ್ಕಳ ಯಕ್ಷಗಾನ ಆಟ. ಆದರೆ ಈ ಸಣ್ಣ ಖರ್ಚು ಪ್ರತಿ ತಿಂಗಳೂ ಬರುತ್ತದೆ. ಹಾಗಾಗಿ ಬೇರೆ ಬೇರೆ ಕಡೆ ಅನುದಾನಕ್ಕೆ ಕೈ ಹಾಕಿದೆವು. ಕೆಲವು ಸಿಕ್ಕಿತು, ಕೆಲವು ಸಿಗಲಿಲ್ಲ. ಈ ವರ್ಷ ಹತ್ತಿರದ ಎರಡು ಭಜನಾ ಮಂದಿರದವರು, ಒಂದು ಮಹಿಳಾ ಸಂಘದವರು ಬಂದು "ಅಕ್ಕಾ, ಯಾವುದಕ್ಕೆ ಹಾಕಿದರೆ ಒಳ್ಳೆಯದು?" ಅಂತ ಕೇಳಿದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಎಲ್ಲಕ್ಕಿಂತ ಮೊದಲು ಒಂದು ಮಾತು. ನಿಮ್ಮ ಸಂಘದ ಹೆಸರು ಎಲ್ಲ ಕಾಗದದಲ್ಲೂ ಒಂದೇ ಥರ ಇದೆಯಾ ನೋಡಿಕೊಳ್ಳಿ. ಗಡಿನಾಡಿನಲ್ಲಿ ಇದು ದೊಡ್ಡ ತಲೆನೋವು. ನಮ್ಮ ಸೀಲಿನಲ್ಲಿ ಕನ್ನಡದಲ್ಲಿ "ವಾಚನಾಲಯ" ಅಂತ ಇತ್ತು. ನೋಂದಣಿ ಪತ್ರದಲ್ಲಿ ಮಲಯಾಳಂನಲ್ಲಿ "ವಾಯನಶಾಲ". ಪ್ಯಾನ್ ಕಾರ್ಡಿನಲ್ಲಿ ಇಂಗ್ಲಿಷ್‌ನಲ್ಲಿ ಲೈಬ್ರರಿ. ಪಾಸ್‌ಬುಕ್ಕಿನಲ್ಲಿ ಊರಿನ ಹೆಸರಿನ ಸ್ಪೆಲ್ಲಿಂಗೇ ಬೇರೆ. ನಮಗೆಲ್ಲ ಅದು ಒಂದೇ ಮನೆ. ಫೈಲ್ ನೋಡುವವರಿಗೆ ನಾಲ್ಕು ಸಂಸ್ಥೆ! ಸಭೆ ಸೇರಿಸಿ, ಮಿನಿಟ್ಸ್ ಪುಸ್ತಕದಲ್ಲಿ ನಿರ್ಣಯ ಬರೆದು, ಎಲ್ಲ ಕಡೆ ಒಂದೇ ಹೆಸರು ಮಾಡಿಸುವಾಗ ಒಂದು ಮಳೆಗಾಲ ಕಳೆಯಿತು.

ನೋಂದಣಿಯದ್ದೂ ಹಾಗೆಯೇ. ಕರ್ನಾಟಕದ ಸಂಘಗಳು 1960ರ ಕರ್ನಾಟಕ ಕಾಯಿದೆಯಲ್ಲಿ ನೋಂದಣಿ ಆಗಿರುತ್ತವೆ. ಕೇರಳದಲ್ಲೇ ತಿರುವಾಂಕೂರು-ಕೊಚ್ಚಿ ಭಾಗಕ್ಕೆ 1955ರ ಕಾಯಿದೆ. ನಾವು ಉತ್ತರ ಕೇರಳದ ಮಲಬಾರ್ ಲೆಕ್ಕದಲ್ಲಿ ಬರುವುದರಿಂದ ನಮ್ಮ ನೋಂದಣಿ ಆದದ್ದು 1860ರ ಸೊಸೈಟಿ ಕಾಯಿದೆಯಲ್ಲಿ. ಒಂದು ಕಚೇರಿಯವರು "ಇದು ಯಾವ ಕಾಯಿದೆ, ನಮ್ಮ ಪಟ್ಟಿಯಲ್ಲಿ ಇಲ್ಲವಲ್ಲ" ಅಂತ ನಮ್ಮ ಅರ್ಜಿ ವಾಪಸ್ ಕಳಿಸಿದರು. ಆಮೇಲಿಂದ ಪ್ರತಿ ಅರ್ಜಿಯ ಜೊತೆ ನೋಂದಣಿ ಪತ್ರದ ಕನ್ನಡ ಅನುವಾದ, ಯಾವ ಕಾಯಿದೆ ಎಂದು ವಿವರಿಸುವ ಅರ್ಧ ಪುಟದ ಪತ್ರ, ಎರಡನ್ನೂ ಇಡುತ್ತೇನೆ. ಮತ್ತೆ ಆ ತೊಂದರೆ ಬಂದಿಲ್ಲ.

ಈಗ ಒಂದೊಂದಾಗಿ ಹೇಳುತ್ತೇನೆ.

ನಮಗೆ ಜಾಸ್ತಿ ಆಸರೆಯಾದದ್ದು ಕೇರಳ ರಾಜ್ಯ ಲೈಬ್ರರಿ ಕೌನ್ಸಿಲ್‌ನ ವಾರ್ಷಿಕ ಗ್ರಾಂಟ್. ಪಿ.ಎನ್. ಪಣಿಕ್ಕರ್ 1945ರಲ್ಲಿ ಶುರು ಮಾಡಿದ ಗ್ರಂಥಶಾಲಾ ಸಂಘವೇ ಇದರ ಬೇರು. 1989ರ ಕಾಯಿದೆಯಿಂದ ಅದು ಕೌನ್ಸಿಲ್ ಆಯಿತು. ತಾಲೂಕಿಗೊಂದು, ಜಿಲ್ಲೆಗೊಂದು ಕೌನ್ಸಿಲ್, ಮೇಲೆ ರಾಜ್ಯದ್ದು. ಹಣ ಎಲ್ಲಿಂದ ಬರುತ್ತದೆ ಅಂತ ತಿಳಿದ ಮೇಲೆ ನನಗೆ ಇದರ ಮೇಲಿನ ಗೌರವ ಇನ್ನೂ ಹೆಚ್ಚಾಯಿತು. ಪಂಚಾಯತು ಕಟ್ಟಡ ತೆರಿಗೆ ವಸೂಲಿ ಮಾಡುವಾಗ ಅದರ ಮೇಲೆ ಶೇಕಡಾ 5ರಷ್ಟು ಗ್ರಂಥಾಲಯ ಸೆಸ್ ಇರುತ್ತದೆ. ಅಂದರೆ ನಮ್ಮೂರಿನ ಮನೆಯವರು ತೆರಿಗೆ ಕಟ್ಟುವಾಗ ಪುಸ್ತಕಕ್ಕೂ ಒಂದು ಪಾಲು ಕೊಡುತ್ತಿದ್ದಾರೆ. ಆ ಪಾಲನ್ನು ಊರಿಗೆ ವಾಪಸ್ ತರುವುದರಲ್ಲಿ ಸಂಕೋಚ ಯಾಕೆ, ಅಲ್ವಾ?

ಇಲ್ಲಿ ಯೋಜನಾ ವರದಿ ಬರೆಯುವ ಕಷ್ಟ ಇಲ್ಲ. ಕೆಲಸ ಮಾಡಿ ತೋರಿಸಬೇಕು, ಅಷ್ಟೆ. ವರ್ಷಕ್ಕೊಮ್ಮೆ ಪರಿಶೀಲನೆಗೆ ಬರುತ್ತಾರೆ, ಗ್ರೇಡ್ ಕೊಡುತ್ತಾರೆ, ಗ್ರೇಡಿಗೆ ತಕ್ಕ ಹಾಗೆ ಗ್ರಾಂಟ್. ಮೊದಲ ಸಲ ಬಂದ ಹಿರಿಯರು ಕಪಾಟಿನ ಕಡೆ ನೋಡಲೇ ಇಲ್ಲ. ನೇರ ವಿತರಣೆ ರಿಜಿಸ್ಟರ್ ತೆಗೆದರು. ಬೆರಳು ಇಟ್ಟು ಒಂದೊಂದೇ ಸಾಲು ಓದುತ್ತಾ ಹೋದರು. ಜುಲೈ ತಿಂಗಳ ಪುಟಗಳು ತೇವಕ್ಕೆ ಅಂಟಿಕೊಂಡಿದ್ದವು. ಅವನ್ನು ಉಗುರಿನಲ್ಲಿ ಮೆಲ್ಲ ಬಿಡಿಸಿ ನೋಡಿದರು. "ಮಳೆಗಾಲದಲ್ಲೂ ಪುಸ್ತಕ ಹೋಗಿದೆ" ಅಂತ ಮಲಯಾಳಂನಲ್ಲಿ ಹೇಳಿ ನಕ್ಕರು. ಆ ದಿನ ನನಗೆ ಗೊತ್ತಾಯಿತು, ಇಲ್ಲಿ ಚಂದದ ಫೋಟೋಕ್ಕಿಂತ ಹಳೇ ರಿಜಿಸ್ಟರಿಗೆ ಬೆಲೆ ಜಾಸ್ತಿ ಅಂತ. ಸದಸ್ಯತ್ವ, ಸ್ಟಾಕ್, ವಿತರಣೆ, ಕ್ಯಾಶ್‌ಬುಕ್, ಮಿನಿಟ್ಸ್, ಈ ಐದು ಪುಸ್ತಕ ದಿನದ ದಿನ ಬರೆದರೆ ಮುಕ್ಕಾಲು ಕೆಲಸ ಆದ ಹಾಗೆ. ಬಾಲವೇದಿ (ಮಕ್ಕಳ ಕೂಟ), ವನಿತಾವೇದಿ (ಹೆಂಗಸರ ಕೂಟ) ನಡೆಸುವುದೂ ಲೆಕ್ಕಕ್ಕೆ ಬರುತ್ತದೆ. ನಮ್ಮ ಯಕ್ಷಗಾನದ ಮಕ್ಕಳೇ ನಮ್ಮ ಬಾಲವೇದಿ. ಜೂನ್ 19ರ ವಾಚನ ದಿನಕ್ಕೆ ಅವರಿಂದಲೇ ಪುಸ್ತಕದ ಪರಿಚಯ ಮಾಡಿಸುತ್ತೇವೆ.

ಕೊರತೆ ಇಲ್ಲ ಅಂತ ಹೇಳುವುದಿಲ್ಲ. ಗ್ರಾಂಟಿನ ಮುಖ್ಯ ಉದ್ದೇಶ ಪುಸ್ತಕ. ಚೆಂಡೆಯ ಚರ್ಮ ಹಾಕಿಸಲು ಅದನ್ನು ಮುಟ್ಟುವ ಹಾಗಿಲ್ಲ. ಪುಸ್ತಕ ಮೇಳಗಳಲ್ಲಿ ಮಲಯಾಳಂ ಪುಸ್ತಕ ರಾಶಿ ಇರುತ್ತದೆ, ಕನ್ನಡದ್ದು ಕಡಿಮೆ. ಕನ್ನಡ ಪುಸ್ತಕಕ್ಕೆ ನಾವು ಮಂಗಳೂರಿಗೆ ಹೋಗುತ್ತೇವೆ. ಪತ್ರ ವ್ಯವಹಾರ ಹೆಚ್ಚು ಮಲಯಾಳಂನಲ್ಲೇ. ನನಗೆ ಮಾತಾಡಲು ಬರುತ್ತದೆ, ಬರೆಯಲು ಕಷ್ಟ. ಡಿಗ್ರಿ ಓದುತ್ತಿರುವ ಒಬ್ಬ ಹುಡುಗಿ ಬರೆದು ಕೊಡುತ್ತಾಳೆ. ನಿಮ್ಮ ಸಮಿತಿಯಲ್ಲೂ ಅಂಥವರು ಒಬ್ಬರು ಇರಲಿ.

ಇದಕ್ಕೆ ತೀರಾ ಬೇರೆ ಥರದ್ದು ಕರ್ನಾಟಕದ ಕಡೆಯ ಸಹಾಯ. ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಹೊರರಾಜ್ಯದ ಗಡಿಭಾಗದ ಕನ್ನಡ ಸಂಸ್ಥೆಗಳಿಗೂ ಅನುದಾನ ಕೊಡುತ್ತದೆ. ಕಾಸರಗೋಡು ಮಾತ್ರ ಅಲ್ಲ, ಸೊಲ್ಲಾಪುರ, ಅಕ್ಕಲಕೋಟೆ, ಹೊಸೂರು ಕಡೆಯ ಕನ್ನಡಿಗರಿಗೂ ಇದು ದಾರಿ. ಇಲ್ಲಿ ನಮಗೆ ಸಿಕ್ಕ ದೊಡ್ಡ ಅನುಕೂಲ ಭಾಷೆ. ಅರ್ಜಿ ಕನ್ನಡ, ವರದಿ ಕನ್ನಡ, ಫೋನಿನಲ್ಲಿ ಕೇಳಿದರೂ ಕನ್ನಡ. "ಮಕ್ಕಳಿಗೆ ಯಾಕೆ ಯಕ್ಷಗಾನ ಕಲಿಸುತ್ತೀರಿ" ಎಂಬ ಕಾಲಂ ತುಂಬುವಾಗ ನಾನು ಒಂದು ಸಲವೂ ಪೆನ್ ನಿಲ್ಲಿಸಲಿಲ್ಲ. ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಇನ್ನೊಂದು, ಬಸ್ಸಿನಲ್ಲಿ ಮತ್ತೊಂದು. ಅಂಥ ಮಗು ಜಗಲಿಗೆ ಬಂದು ಯಕ್ಷಗಾನದ ಅರ್ಥ, ಅಂದರೆ ಪಾತ್ರದ ಮಾತು, ಹೇಳುವಾಗ ಎಷ್ಟು ಚಂದದ ಕನ್ನಡ ಬರುತ್ತದೆ ಅಂತ ಬರೆದೆ. ಅದು ನಿಜವೇ.

ಇದು ಒಂದು ಗೊತ್ತಾದ ಕೆಲಸಕ್ಕೆ ಸಿಕ್ಕ ಹಣ. ನಮಗೆ ಮಕ್ಕಳ ಯಕ್ಷಗಾನ ಶಿಬಿರಕ್ಕೆ ನೆರವಾಯಿತು. ತಿಂಗಳ ಕರೆಂಟ್ ಬಿಲ್ಲಿಗೆ ಇದನ್ನು ನಂಬಿ ಕೂರುವ ಹಾಗಿಲ್ಲ. ಮತ್ತೆ ಒಂದು, ಕಾರ್ಯಕ್ರಮದ ಅನುದಾನ ಎಲ್ಲಿಂದ ಬರುವುದಾದರೂ ಶಾಮಿಯಾನದವರು, ಮೈಕಿನವರು, ಊಟದವರು ಅದಕ್ಕೆ ಕಾಯುವುದಿಲ್ಲ. ಮೊದಲು ಕೈಯಿಂದ ಹಾಕುವಷ್ಟು ಹಣ ಇದ್ದರೆ ಮಾತ್ರ ದಿನ ನಿಗದಿ ಮಾಡಿ. ಪ್ರತಿ ಬಿಲ್ಲೂ ಸಂಘದ ಹೆಸರಿನಲ್ಲೇ ಬೇಕು. ವೇಷಭೂಷಣದವರಿಗೆ ಕೊಟ್ಟದ್ದಕ್ಕೂ ರಸೀದಿ ಬೇಕು. ಹಣ ಬಳಕೆಯ ಪ್ರಮಾಣಪತ್ರ ಕೊಡದಿದ್ದರೆ ಮುಂದಿನ ಸಲ ಕೇಳಲು ಮುಖ ಇರುವುದಿಲ್ಲ.

ಕಂಪನಿಗಳ ಸಿಎಸ್‌ಆರ್ ಹಣದ ಬಗ್ಗೆ ಯುವಕರಿಗೆ ಆಸೆ ಜಾಸ್ತಿ. 2013ರ ಕಂಪನಿ ಕಾಯಿದೆಯ 135ನೇ ಸೆಕ್ಷನ್ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇಕಡಾ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಯಾವ ಕೆಲಸ ಅಂತ ಏಳನೇ ಷೆಡ್ಯೂಲಿನಲ್ಲಿ ಪಟ್ಟಿ ಇದೆ. ಸಾರ್ವಜನಿಕ ಗ್ರಂಥಾಲಯ, ಪಾರಂಪರಿಕ ಕಲೆ ಎರಡೂ ಅದರಲ್ಲಿವೆ. ಅದನ್ನು ಓದಿದ ದಿನ ನಮ್ಮ ಸಮಿತಿಗೆ ಭಾರಿ ಖುಷಿ.

ಆದರೆ ಬಾಗಿಲು ತಟ್ಟುವ ಮೊದಲೇ ಬೇಕಾದ ಕಾಗದ ನೋಡಿ. ಆದಾಯ ತೆರಿಗೆಯಲ್ಲಿ 12ಎ (ಸಂಘದ ಆದಾಯಕ್ಕೆ ವಿನಾಯಿತಿ) ಮತ್ತು 80ಜಿ (ದಾನ ಕೊಟ್ಟವರಿಗೆ ವಿನಾಯಿತಿ) ಅಂತ ಕರೆಯುವ ನೋಂದಣಿ, ಕನಿಷ್ಠ ಮೂರು ವರ್ಷ ಕೆಲಸ ಮಾಡಿದ ದಾಖಲೆ, 2021ರ ಏಪ್ರಿಲಿನಿಂದ ಸಿಎಸ್‌ಆರ್-1 ಎಂಬ ನೋಂದಣಿ ಅರ್ಜಿ. ಆ ಅರ್ಜಿಗೆ ಡಿಜಿಟಲ್ ಸಹಿ ಬೇಕು, ಲೆಕ್ಕಪರಿಶೋಧಕರ ದೃಢೀಕರಣ ಬೇಕು. ನೀತಿ ಆಯೋಗದ ದರ್ಪಣ್ ಪೋರ್ಟಲಿನ ನಂಬರನ್ನೂ ಹೆಚ್ಚಿನವರು ಕೇಳುತ್ತಾರೆ. ಇಷ್ಟೆಲ್ಲ ಮಾಡಿಸಿದೆವು. ಒಂದು ಕಂಪನಿಯವರು ಬಂದು ನೋಡಿದರು, ಕಂಪ್ಯೂಟರ್ ಕೋಣೆ ಮಾಡಿ ಕೊಡುತ್ತೇವೆ ಅಂದರು, ಎರಡು ಸಲ ಅಂದಾಜು ಪಟ್ಟಿ ತರಿಸಿಕೊಂಡರು. ಮಾರ್ಚ್ ಕಳೆದ ಮೇಲೆ ಫೋನ್ ಎತ್ತುವವರೇ ಇಲ್ಲ. ಮಕ್ಕಳಿಗೆ ನಾವು ಮೊದಲೇ ಹೇಳಿಬಿಟ್ಟಿದ್ದೆವು. "ಕಂಪ್ಯೂಟರ್ ಯಾವಾಗ ಬರುತ್ತದೆ" ಅಂತ ಅವರು ಆರು ತಿಂಗಳು ಕೇಳಿದರು. ಇದು ನನಗೆ ನಿಜವಾಗಿ ನೋವು ಕೊಟ್ಟ ಸಂಗತಿ. ಕಟ್ಟಡ, ಕಂಪ್ಯೂಟರ್, ಸೋಲಾರ್ ಥರ ಒಂದೇ ಸಲದ ದೊಡ್ಡ ವಸ್ತು ಬೇಕಿದ್ದರೆ, ಸಮಿತಿಯಲ್ಲಿ ಇದರ ಹಿಂದೆ ಓಡಾಡುವ ಒಬ್ಬರು ಇದ್ದರೆ ಈ ದಾರಿ ಹಿಡಿಯಿರಿ. ದಿನನಿತ್ಯದ ಖರ್ಚಿಗೆ ಬೇಡ.

ಕೇಂದ್ರದ ಸಂಸ್ಕೃತಿ ಸಚಿವಾಲಯದಲ್ಲಿ ಕಾರ್ಯಕ್ರಮಗಳಿಗೆ ಸಾಮಾನ್ಯವಾಗಿ 5 ಲಕ್ಷದವರೆಗೆ ಕೊಡುವ ಯೋಜನೆ ಇದೆ. ಖರ್ಚಿನ ಕಾಲು ಭಾಗ ನಾವೇ ಹಾಕಬೇಕು. ಅರ್ಜಿ ಅರ್ಧ ತುಂಬಿದ ಮೇಲೆ ಆ ಕಾಲು ಭಾಗದ ಲೆಕ್ಕ ಹಾಕಿ ಅಲ್ಲಿಗೇ ನಿಲ್ಲಿಸಿದೆವು. ದೊಡ್ಡ ಮೇಳ, ಹಳೆಯ ಕಲಾಸಂಘ ಇದ್ದವರಿಗೆ ಅದು ಸರಿ.

ಇನ್ನು ಊರಿನ ವಂತಿಗೆ. ಇದನ್ನು ಅನುದಾನ ಅಂತ ಯಾರೂ ಕರೆಯುವುದಿಲ್ಲ, ಆದರೂ ಪಕ್ಕದಲ್ಲಿಟ್ಟು ನೋಡಲೇಬೇಕು. ಅಡಿಕೆಗೆ ಒಳ್ಳೆ ಧಾರಣೆ ಇದ್ದ ವರ್ಷ ಕೇಳಿದಷ್ಟು ಬರುತ್ತದೆ, ಮಹಾಳಿ ರೋಗ ಬಂದ ವರ್ಷ ಕೇಳುವುದಕ್ಕೇ ಮನಸ್ಸು ಬರುವುದಿಲ್ಲ. 80ಜಿ ಮಾಡಿಸಿದ್ದು ಸಿಎಸ್‌ಆರ್‌ಗಿಂತ ಇಲ್ಲಿ ಉಪಯೋಗಕ್ಕೆ ಬಂತು. ಮಂಗಳೂರು, ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನಮ್ಮೂರಿನ ಮಕ್ಕಳು ತೆರಿಗೆ ವಿನಾಯಿತಿ ಸಿಗುತ್ತದೆ ಅಂತ ಸ್ವಲ್ಪ ಹೆಚ್ಚೇ ಕೊಡುತ್ತಾರೆ. ನಗದಿನಲ್ಲಿ 2,000 ರೂಪಾಯಿಗಿಂತ ಹೆಚ್ಚು ಕೊಟ್ಟರೆ ಆ ವಿನಾಯಿತಿ ಇಲ್ಲ, ಹಾಗಾಗಿ ಬ್ಯಾಂಕಿಗೇ ಹಾಕಲು ಹೇಳಿ.

ಗಲ್ಫಿನಿಂದ ಬರುವ ಹಣದ ಬಗ್ಗೆ ನಮ್ಮ ಖಜಾಂಚಿ ಅಣ್ಣನಿಗೆ ತುಂಬ ಹೆದರಿಕೆ ಇತ್ತು. ವಿದೇಶಿ ದೇಣಿಗೆ ಕಾಯಿದೆ ಬಿಗಿ ಎನ್ನುವುದು ನಿಜ. ಆದರೆ ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ದುಡಿಮೆಯ ಹಣವನ್ನು ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಆಗುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದವರು ಕೊಟ್ಟರೆ ಆಗುತ್ತದೆ, ಅವರು ನಮ್ಮೂರಿನಲ್ಲೇ ಹುಟ್ಟಿದ್ದರೂ ಸರಿ. ಶಾರ್ಜಾದಲ್ಲಿರುವ ಒಬ್ಬ ಹುಡುಗ ಪ್ರತಿ ವರ್ಷ ತನ್ನ ಅಜ್ಜನ ನೆನಪಿಗೆ ಪತ್ರಿಕೆಗಳ ಚಂದಾ ಕಟ್ಟುತ್ತಾನೆ. ಅವನ ಪಾಸ್‌ಪೋರ್ಟ್ ಪ್ರತಿಯನ್ನು ರಸೀದಿಯ ಹಿಂದೆ ಪಿನ್ ಮಾಡಿ ಇಟ್ಟಿದ್ದೇವೆ. ಆ ಅಜ್ಜ ದಿನಾ ಕೂರುತ್ತಿದ್ದ ಕುರ್ಚಿ ಈಗಲೂ ಕಿಟಕಿಯ ಹತ್ತಿರವೇ ಇದೆ.

ಹಾಗಾದರೆ ಯಾವುದು? ನಿಮ್ಮದು ವಾಚನಾಲಯ ಆಗಿದ್ದರೆ ಕಣ್ಣು ಮುಚ್ಚಿ ಲೈಬ್ರರಿ ಕೌನ್ಸಿಲ್‌ಗೆ ಸೇರಿ. ಮೊತ್ತ ಸಣ್ಣದು ಅನ್ನಿಸಬಹುದು, ಆದರೆ ವರ್ಷ ವರ್ಷ ಪುಸ್ತಕ ಬರುತ್ತದೆ, ಮತ್ತೆ ಅದು ಕೇಳುವ ಕೆಲಸ ನೀವು ಹೇಗೂ ಮಾಡಬೇಕಾದದ್ದೇ. ಭಜನೆ, ಯಕ್ಷಗಾನ, ಕನ್ನಡ ಶಿಬಿರ ಆದರೆ ಕರ್ನಾಟಕದ ಕಡೆ ಹಾಕಿ, ವರ್ಷಕ್ಕೆ ಒಂದೇ ಕಾರ್ಯಕ್ರಮಕ್ಕೆ. ಮಹಿಳಾ ಸಂಘದವರಿಗೆ ಹೊಲಿಗೆ ಯಂತ್ರ ಬೇಕಿತ್ತು. ಅವರಿಗೆ ಮಾತ್ರ ನಾನು ಸಿಎಸ್‌ಆರ್ ಹೇಳಿದೆ, ಹಣ ಖಾತೆಗೆ ಬರುವವರೆಗೆ ಯಾರಿಗೂ ಹೇಳಬೇಡಿ ಅಂತಲೂ ಹೇಳಿದೆ. ಗುರುಗಳ ಸಂಭಾವನೆ, ಕರೆಂಟ್ ಬಿಲ್ ಮಾತ್ರ ಊರಿನ ಹಣದಿಂದಲೇ ಆಗಲಿ. ಎರಡು ವರ್ಷ ಅನುದಾನ ಬರುವುದೆಂದು ನಂಬಿ ಗುರುಗಳಿಗೆ ಬಾಕಿ ಇಟ್ಟೆವು. ಅವರು ಒಂದು ಮಾತೂ ಆಡದೆ ಬಸ್ಸಿನಲ್ಲಿ ಬಂದು ಕಲಿಸಿ ಹೋದರು. ಆ ತಪ್ಪು ಮತ್ತೆ ಮಾಡುವುದಿಲ್ಲ.

ನಮ್ಮ ಹಳೇ ಅರ್ಜಿಗಳು, ಕಾಯಿದೆ ವಿವರಿಸುವ ಆ ಅರ್ಧ ಪುಟದ ಪತ್ರ, ಬಳಕೆ ಪ್ರಮಾಣಪತ್ರದ ನಮೂನೆ ಎಲ್ಲ ಎಡಗಡೆ ಕಪಾಟಿನ ಕೆಳಗಿನ ಖಾನೆಯಲ್ಲಿವೆ. ಶನಿವಾರ ಸಂಜೆ ತರಗತಿ ಮುಗಿಯುವ ಹೊತ್ತಿಗೆ ಬನ್ನಿ. ನೋಡಿ ಬರೆದುಕೊಳ್ಳಬಹುದು, ಫೋನಿನಲ್ಲಿ ಫೋಟೋ ತೆಗೆದುಕೊಂಡರೂ ಆಯಿತು.