ದೊಡ್ಡ ನಾಯಿಗಳ ಸ್ಲೋ ಫೀಡರ್ ಬಟ್ಟಲು ಮತ್ತು ಸ್ಟ್ಯಾಂಡ್: ಡಬ್ಬಿಯ ಮೇಲಿನ ಭರವಸೆಯನ್ನು ಎಷ್ಟು ನಂಬಬಹುದು?

ದಾವಣಗೆರೆಯ ಪಿ.ಜೆ. ಬಡಾವಣೆಯ ಕಡೆಯ ಸಾಕುಪ್ರಾಣಿ ಅಂಗಡಿಯೊಂದರಲ್ಲಿ ನಮ್ಮ ಜರ್ಮನ್ ಶೆಫರ್ಡ್ ನಾಯಿಗಾಗಿ ಕೊಂಡ ಜೋಡಿ ಸಾಮಾನಿನ ವಿಮರ್ಶೆ ಇದು. ಒಂದು, ನಾಯಿ ನಿಧಾನವಾಗಿ ತಿನ್ನಲೆಂದು ಒಳಮೈಯಲ್ಲಿ ಸುರುಳಿಯಾಕಾರದ ದಿಣ್ಣೆಗಳಿರುವ ಪ್ಲಾಸ್ಟಿಕ್ ಬಟ್ಟಲು. ಇನ್ನೊಂದು, ಆ ಬಟ್ಟಲನ್ನು ನೆಲದಿಂದ ಒಂದಡಿಗೂ ಮೇಲೆ ಎತ್ತಿ ಹಿಡಿಯುವ ಕಬ್ಬಿಣದ ಸ್ಟ್ಯಾಂಡ್. ಎರಡೂ ಸೇರಿ 1,850 ರೂಪಾಯಿ. ಇದು ನಾಯಿಯ ಹೊಟ್ಟೆಯುಬ್ಬರವನ್ನು ತಡೆಯುತ್ತದೆ ಎಂದು ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿದೆ. ಅಂಗಡಿಯವರೂ ‘ಇದೊಂದು ಮನ್ಯಾಗಿದ್ರೆ ಬ್ಲೋಟ್ ಚಿಂತೀನೇ ಇಲ್ಲ ನೋಡ್ರಿ ಮೇಡಂ’ ಎಂದು ಭರವಸೆ ಕೊಟ್ಟರು. ಬಟ್ಟಲಿನ ಬಗ್ಗೆ ನನಗೆ ಮೆಚ್ಚುಗೆಯಿದೆ. ಆದರೆ ದೊಡ್ಡ ನಾಯಿಗಳನ್ನು ಗಂಟೆಗಳ ಲೆಕ್ಕದಲ್ಲಿ ಕೊಲ್ಲುವ ಒಂದು ಕಾಯಿಲೆಯ ವಿಷಯದಲ್ಲಿ ಇಂಥ ಭರವಸೆಯನ್ನು ಅಚ್ಚು ಹಾಕಿಸುವುದು ಸರಿಯಲ್ಲ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಮೊದಲು ಬಟ್ಟಲಿನ ಗುಣವನ್ನೇ ಹೇಳುತ್ತೇನೆ. ಸಾಮಾನ್ಯ ಸ್ಟೀಲ್ ಬಟ್ಟಲಿನಲ್ಲಿ ಹಾಕಿದ ಊಟವನ್ನು ನಮ್ಮ ನಾಯಿ ಎರಡು ನಿಮಿಷವೂ ಆಗದಂತೆ, ಅಗಿಯದೆ, ಗಾಳಿಯ ಸಮೇತ ನುಂಗಿಬಿಡುತ್ತಿತ್ತು. ಈ ಬಟ್ಟಲಿನಲ್ಲಿ ಅದೇ ಊಟಕ್ಕೆ ಏಳೆಂಟು ನಿಮಿಷ ಹಿಡಿಯುತ್ತದೆ. ದಿಣ್ಣೆಗಳ ನಡುವಿನಿಂದ ಒಂದೊಂದೇ ತುತ್ತನ್ನು ನಾಲಿಗೆಯಿಂದ ಎಳೆದುಕೊಳ್ಳಬೇಕಾಗುವುದರಿಂದ ಅದು ತಲೆಯನ್ನು ಓರೆ ಮಾಡಿ, ಬಟ್ಟಲನ್ನು ಸುತ್ತುತ್ತ ತಿನ್ನುತ್ತದೆ. ತಳಕ್ಕೆ ಅಂಟಿಸಿರುವ ರಬ್ಬರ್ ಪಟ್ಟಿ ಗ್ರಾನೈಟ್ ನೆಲದ ಮೇಲೆ ಚೆನ್ನಾಗಿ ಹಿಡಿಯುತ್ತದೆ, ರೆಡ್ ಆಕ್ಸೈಡ್ ನೆಲದ ಮೇಲೆ ಸ್ವಲ್ಪ ಜಾರುತ್ತದೆ. ಒಣ ಕಾಳಿನ ಆಹಾರಕ್ಕೆ ಇದು ಹೇಳಿ ಮಾಡಿಸಿದ ಹಾಗಿದೆ. ಆದರೆ ನಮ್ಮ ಕಡೆಯ ಬಹುತೇಕ ಮನೆಗಳಂತೆ ರಾಗಿ ಗಂಜಿ, ಮೊಸರನ್ನ, ಬೇಯಿಸಿದ ಕೋಳಿ ಹಾಕುವವರು ತೊಳೆಯುವ ಕಷ್ಟಕ್ಕೆ ಸಿದ್ಧರಾಗಿರಬೇಕು. ರಾಗಿ ಸಂದುಗಳಲ್ಲಿ ಒಣಗಿತೆಂದರೆ ಹಳೆಯ ಹಲ್ಲುಜ್ಜುವ ಬ್ರಷ್ ಹಿಡಿದು ಕೂರಬೇಕಾಗುತ್ತದೆ. ತಿಂದ ತಕ್ಷಣ ನೀರು ತುಂಬಿಸಿಟ್ಟರೆ ಕೆಲಸ ಹಗುರ. ಇಷ್ಟು ಹಣ ಬೇಡವೆನ್ನುವವರು ದೊಡ್ಡ ಇಡ್ಲಿ ತಟ್ಟೆಯ ಗುಳಿಗಳಲ್ಲಿ ಊಟವನ್ನು ಹಂಚಿ ಹಾಕಿದರೂ ಹೆಚ್ಚುಕಡಿಮೆ ಇದೇ ಪರಿಣಾಮ ಸಿಗುತ್ತದೆ.

ನಿಧಾನವಾಗಿ ತಿನ್ನಿಸುವುದರಲ್ಲಿ ಅರ್ಥವಿಲ್ಲದಿಲ್ಲ. ಗಬಗಬನೆ ತಿನ್ನುವ ನಾಯಿಗಳಲ್ಲಿ, ದಿನದ ಊಟವನ್ನೆಲ್ಲ ಒಂದೇ ಹೊತ್ತಿಗೆ ತಿನ್ನುವ ನಾಯಿಗಳಲ್ಲಿ ಹೊಟ್ಟೆಯುಬ್ಬರ ಹೆಚ್ಚೆಂದು ಕಂಡುಬಂದಿದೆ. ವಯಸ್ಸಾದಂತೆ ಅಪಾಯ ಏರುತ್ತದೆ. ತಂದೆ, ತಾಯಿ ಅಥವಾ ಒಡಹುಟ್ಟಿದ ಮರಿಗೆ ಇದು ಬಂದಿದ್ದರೆ ಇನ್ನೂ ಏರುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ ಇದು ಮೈಕಟ್ಟಿನ ಪ್ರಶ್ನೆ. ಎದೆಗೂಡು ಆಳವಾಗಿಯೂ ಕಿರಿದಾಗಿಯೂ ಇರುವ ಗ್ರೇಟ್ ಡೇನ್, ಸೇಂಟ್ ಬರ್ನಾರ್ಡ್, ಜರ್ಮನ್ ಶೆಫರ್ಡ್, ಡಾಬರ್‌ಮನ್‌ನಂಥ ತಳಿಗಳಲ್ಲಿ ಇದು ಹೆಚ್ಚು. ಎದೆಯ ಆಳವನ್ನು ನೋಡಿದರೆ ನಮ್ಮ ಮುಧೋಳ ನಾಯಿಗಳನ್ನು ಸಾಕುವವರೂ ಲಕ್ಷಣಗಳನ್ನು ತಿಳಿದುಕೊಂಡಿರುವುದು ಒಳ್ಳೆಯದು. ಬಟ್ಟಲು ಬದಲಾಯಿಸಿದರೆ ತಿನ್ನುವ ವೇಗ ಬದಲಾದೀತು; ಎದೆಗೂಡು, ವಯಸ್ಸು, ವಂಶ ಯಾವುದೂ ಬದಲಾಗುವುದಿಲ್ಲ. ಹಾಗಾಗಿ ‘ಅಪಾಯದ ಒಂದು ಕಾರಣವನ್ನು ತಗ್ಗಿಸಬಹುದು’ ಎಂದಿದ್ದರೆ ನನ್ನ ತಕರಾರು ಇರುತ್ತಿರಲಿಲ್ಲ. ‘ತಡೆಯುತ್ತದೆ’ ಎಂಬುದು ಸುಳ್ಳು ಭರವಸೆ.

ಸ್ಟ್ಯಾಂಡಿನ ವಿಷಯ ಇದಕ್ಕಿಂತ ಗಂಭೀರ. ಎತ್ತರದಲ್ಲಿಟ್ಟು ತಿನ್ನಿಸಿದರೆ ಗಾಳಿ ನುಂಗುವುದು ಕಡಿಮೆಯಾಗುತ್ತದೆ, ಆದ್ದರಿಂದ ಹೊಟ್ಟೆ ಉಬ್ಬುವುದಿಲ್ಲ ಎಂಬ ನಂಬಿಕೆ ಬಹಳ ಕಾಲದಿಂದ ಇದೆ. ಆದರೆ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಸಂಶೋಧಕರು 11 ತಳಿಗಳ 1,637 ನಾಯಿಗಳನ್ನು ಗಮನಿಸಿ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಡದ್ದು ಇದರ ವಿರುದ್ಧ: ಎತ್ತರದ ಬಟ್ಟಲಿನಲ್ಲಿ ತಿನ್ನುವ ದೊಡ್ಡ ತಳಿಯ ನಾಯಿಗಳಲ್ಲಿ ಅಪಾಯ ಹೆಚ್ಚಾಗಿತ್ತು. ಒಂದೇ ಅಧ್ಯಯನದಿಂದ ಕೊನೆಯ ತೀರ್ಮಾನಕ್ಕೆ ಬರಲಾಗದು ಎಂಬುದು ನಿಜವೇ. ಆದರೂ ಅಪಾಯ ಹೆಚ್ಚಿಸಬಹುದೆಂಬ ಸಂಶಯವಿರುವ ವಸ್ತುವನ್ನೇ ಅಪಾಯ ತಡೆಯುವ ವಸ್ತುವೆಂದು ಮಾರುವುದನ್ನು ಒಪ್ಪಲಾಗದು. ನಾವು ಬಟ್ಟಲನ್ನು ನೆಲದ ಮೇಲೇ ಇಡುತ್ತೇವೆ.

ಈ ಕಾಯಿಲೆ ಏನೆಂಬುದು ತಿಳಿದರೆ ನನ್ನ ಅಸಮಾಧಾನ ಅರ್ಥವಾಗುತ್ತದೆ. ಜಠರದಲ್ಲಿ ಗಾಳಿ ತುಂಬಿ ಉಬ್ಬುವುದು ಮೊದಲ ಹಂತ. ಉಬ್ಬಿದ ಜಠರ ತನ್ನ ಸುತ್ತಲೇ ತಿರುಚಿಕೊಳ್ಳುವುದು ಎರಡನೆಯದು. ಒದ್ದೆ ಬಟ್ಟೆಯನ್ನು ಹಿಂಡುವಾಗ ಎರಡು ತುದಿಗಳೂ ಬಿಗಿದುಕೊಳ್ಳುವಂತೆ ಜಠರದ ಒಳದಾರಿ, ಹೊರದಾರಿ ಎರಡೂ ಮುಚ್ಚಿಹೋಗುತ್ತವೆ. ಗಾಳಿ ತೇಗಿನಿಂದಲೂ ಹೊರಬರದು, ಕರುಳಿಗೂ ಇಳಿಯದು. ಉಬ್ಬಿದ ಜಠರ ಹೊಟ್ಟೆಯೊಳಗಿನ ದೊಡ್ಡ ರಕ್ತನಾಳವನ್ನು ಅದುಮುವುದರಿಂದ ದೇಹದ ಹಿಂಭಾಗದ ರಕ್ತ ಹೃದಯಕ್ಕೆ ಮರಳುವುದು ತಗ್ಗಿ, ನಾಯಿ ಶಾಕ್‌ಗೆ, ಎಂದರೆ ಅಂಗಾಂಗಗಳಿಗೆ ರಕ್ತ ಸಾಲದ ಸ್ಥಿತಿಗೆ, ಒಳಗಾಗುತ್ತದೆ. ಜಠರದ ಗೋಡೆ ರಕ್ತವಿಲ್ಲದೆ ಸಾಯತೊಡಗುತ್ತದೆ. ಅನೇಕ ಸಲ ಜಠರದ ಪಕ್ಕದಲ್ಲಿರುವ ಗುಲ್ಮವೂ (ಸ್ಪ್ಲೀನ್) ಜೊತೆಯಲ್ಲೇ ಸ್ಥಳ ತಪ್ಪುತ್ತದೆ. ಶಸ್ತ್ರಚಿಕಿತ್ಸೆ ದೊರೆತ ನಾಯಿಗಳಲ್ಲಿಯೂ ಎಲ್ಲವೂ ಉಳಿಯುವುದಿಲ್ಲ. ತಡವಾದಷ್ಟೂ ಉಳಿಯುವ ಸಾಧ್ಯತೆ ಕುಗ್ಗುತ್ತದೆ.

ಡಬ್ಬಿಯ ಒಳಗಿನ ಮಡಚಿದ ಕಾಗದದಲ್ಲಿ ಬಟ್ಟಲು ತೊಳೆಯುವ ಕ್ರಮವನ್ನು ಎಂಟು ಭಾಷೆಗಳಲ್ಲಿ ವಿವರಿಸಿದ್ದಾರೆ. ಲಕ್ಷಣಗಳ ಬಗ್ಗೆ ಒಂದು ಸಾಲೂ ಇಲ್ಲ. ಇರಬೇಕಾಗಿದ್ದ ಆ ಸಾಲುಗಳನ್ನು ಇಲ್ಲಿ ಬರೆಯುತ್ತೇನೆ. ಎಲ್ಲಕ್ಕಿಂತ ಮುಖ್ಯವಾದದ್ದು ಒಣ ಓಕರಿಕೆ: ನಾಯಿ ವಾಂತಿ ಮಾಡಲು ಮತ್ತೆ ಮತ್ತೆ ಮೈ ಕುಗ್ಗಿಸಿ ಪ್ರಯತ್ನಿಸುತ್ತದೆ, ಬರುವುದು ನೊರೆಯಂಥ ಜೊಲ್ಲು ಮಾತ್ರ. ಜೊತೆಗೆ ಒಂದೆಡೆ ನಿಲ್ಲಲಾರದ ಚಡಪಡಿಕೆ, ಮಲಗಿ ಮತ್ತೆ ಏಳುವುದು, ತಿರುಗಿ ತಿರುಗಿ ತನ್ನ ಪಕ್ಕೆಯನ್ನು ನೋಡಿಕೊಳ್ಳುವುದು, ಏದುಸಿರು. ಹೊಟ್ಟೆ ಬಿಗಿದು, ಬೆರಳಿನಿಂದ ತಟ್ಟಿದರೆ ಟೊಳ್ಳು ಸದ್ದು ಬರಬಹುದು. ಆದರೆ ಆಳವಾದ ಎದೆಯ ನಾಯಿಗಳಲ್ಲಿ ಉಬ್ಬಿದ ಜಠರ ಪಕ್ಕೆಲುಬುಗಳ ಮರೆಯಲ್ಲೇ ಉಳಿದು, ಹೊರಗಿನಿಂದ ಹೊಟ್ಟೆ ಸಹಜವಾಗಿ ಕಾಣಲೂಬಹುದು. ಹೊಟ್ಟೆ ಊದಿಲ್ಲವೆಂಬ ಒಂದೇ ಕಾರಣಕ್ಕೆ ಬೆಳಗಿನವರೆಗೆ ಕಾಯಬಾರದು. ವಸಡನ್ನು ಹೆಬ್ಬೆರಳಿನಿಂದ ಒತ್ತಿ ಬಿಟ್ಟಾಗ ಬಿಳಿಚಿದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿ ಬಣ್ಣಕ್ಕೆ ಮರಳಬೇಕು. ಜರ್ಮನ್ ಶೆಫರ್ಡ್‌ಗಳಲ್ಲಿ ಅನೇಕಕ್ಕೆ ವಸಡೇ ಕಪ್ಪಾಗಿರುವುದರಿಂದ ಈ ಪರೀಕ್ಷೆ ಕೈಕೊಡುತ್ತದೆ. ಆಗ ಕೆಳರೆಪ್ಪೆಯನ್ನು ಮೆಲ್ಲನೆ ಕೆಳಗೆಳೆದು ಒಳಗಿನ ಬಣ್ಣ ನೋಡಬೇಕು. ನಾಯಿ ಆರೋಗ್ಯವಾಗಿರುವಾಗಲೇ ಇದನ್ನೆಲ್ಲ ನೋಡಿ ರೂಢಿಸಿಕೊಂಡಿದ್ದರೆ ವ್ಯತ್ಯಾಸ ಒಡನೆ ತಿಳಿಯುತ್ತದೆ. ಕೊನೆಯ ಪಕ್ಕೆಲುಬಿನ ಹಿಂದಿನ ಹೊಟ್ಟೆಯ ಸುತ್ತಳತೆಯನ್ನು ದರ್ಜಿಯ ಟೇಪಿನಿಂದ ಅಳೆದು ಬರೆದಿಡುವುದೂ ಉಪಯುಕ್ತ.

ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಹೊಟ್ಟೆಯುಬ್ಬರವೆಂದರೆ ದನಗಳ ಕಾಯಿಲೆಯೆಂದೇ ಎಲ್ಲರಿಗೂ ಪರಿಚಯ. ಹಸಿ ಮೇವು ಹೆಚ್ಚು ತಿಂದ ಹಸುವಿಗೆ ಗೊಟ್ಟದಲ್ಲಿ ಎಣ್ಣೆ ಕುಡಿಸುವುದನ್ನು ನೋಡಿ ಬೆಳೆದವರು ನಾಯಿಗೂ ಎಣ್ಣೆಯನ್ನೋ ಓಮದ ನೀರನ್ನೋ ಕುಡಿಸಲು ಹೊರಡುವುದು ಸಹಜ. ಒಳದಾರಿಯೇ ತಿರುಚಿಕೊಂಡಿರುವಾಗ ಕುಡಿಸಿದ್ದು ಜಠರಕ್ಕೆ ಇಳಿಯದೆ ಶ್ವಾಸಕೋಶಕ್ಕೆ ಹೋಗುವ ಅಪಾಯವಿದೆ. ಮನುಷ್ಯರ ಗ್ಯಾಸ್ ಮಾತ್ರೆ ತಿರುಚನ್ನು ಬಿಡಿಸದು. ಮನೆಯಲ್ಲಿ ಸೂಜಿ ಚುಚ್ಚಿ ಗಾಳಿ ತೆಗೆಯಲು ಹೋದರೆ ಗುಲ್ಮಕ್ಕೇ ಚುಚ್ಚಿಬಿಡಬಹುದು. ಓಮ ಹುಡುಕುವ ಹತ್ತು ನಿಮಿಷದಲ್ಲಿ ಗಾಡಿ ಹೊರಡಿಸುವುದು ಮೇಲು.

ಆದರೆ ಗಾಡಿ ಹೊರಡಬೇಕಾದದ್ದು ಎಲ್ಲಿಗೆ? ದಾವಣಗೆರೆಯಲ್ಲಿ ದೊಡ್ಡ ನಾಯಿ ಸಾಕುವವರು ಬಟ್ಟಲು ಕೊಳ್ಳುವ ಮೊದಲು ಉತ್ತರ ಕಂಡುಕೊಳ್ಳಬೇಕಾದ ಪ್ರಶ್ನೆ ಇದು. ಹಗಲಿನಲ್ಲಿ ಲಸಿಕೆ ಹಾಕುವ ವೈದ್ಯರು ರಾತ್ರಿ ಹನ್ನೊಂದಕ್ಕೆ ಫೋನ್ ಎತ್ತುತ್ತಾರೆಯೇ, ಎಕ್ಸ್-ರೇ ಆ ಹೊತ್ತಿನಲ್ಲಿ ಸಿಗುತ್ತದೆಯೇ, ನಲವತ್ತು ಕಿಲೋ ತೂಕದ ನಾಯಿಗೆ ಅರಿವಳಿಕೆ ಕೊಟ್ಟು ಹೊಟ್ಟೆ ತೆರೆಯಬಲ್ಲವರು ಊರಿನಲ್ಲಿದ್ದಾರೆಯೇ ಎಂದು ಹಗಲಿನಲ್ಲೇ, ನೇರವಾಗಿ, ಸಂಕೋಚವಿಲ್ಲದೆ ಕೇಳಬೇಕು. ನಾನು ಕೇಳಿದ ವೈದ್ಯರು ಬೇಸರಿಸದೆ ಉತ್ತರಿಸಿದರು: ‘ನೀವು ಹೊರಡೋಕೆ ಮೊದ್ಲು ಫೋನ್ ಮಾಡ್ರಿ, ಬಂದ್ಮೇಲೆ ಹುಡುಕ್ಯಾಡೋದು ಬ್ಯಾಡ.’ ಶಸ್ತ್ರಚಿಕಿತ್ಸೆ ಇಲ್ಲಿ ಆಗದಿದ್ದರೂ, ಬಾಯಿಯ ಮೂಲಕ ನಳಿಕೆ ಇಳಿಸಿ ಅಥವಾ ಪಕ್ಕೆಯಿಂದ ಸೂಜಿಯ ಮೂಲಕ ಗಾಳಿ ತೆಗೆದು, ಮುಂಗಾಲಿನ ರಕ್ತನಾಳಕ್ಕೆ ವೇಗವಾಗಿ ಸಲೈನ್ ಹರಿಸಿ, ಮುಂದಿನ ಪ್ರಯಾಣಕ್ಕೆ ನಾಯಿಯನ್ನು ಗಟ್ಟಿಗೊಳಿಸಬಲ್ಲವರು ಯಾರೆಂಬುದನ್ನಾದರೂ ತಿಳಿದಿಟ್ಟುಕೊಳ್ಳಬೇಕು. ಹಿಂಗಾಲಿನ ಬದಲು ಮುಂಗಾಲೇ ಬೇಕಾಗುವುದು ಮೇಲೆ ಹೇಳಿದ ಕಾರಣಕ್ಕೆ: ಹಿಂಭಾಗದ ರಕ್ತ ಹೃದಯದ ಕಡೆಗೆ ಸಾಗುತ್ತಿರುವುದಿಲ್ಲ. ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜು ಸುಮಾರು 90 ಕಿಲೋಮೀಟರ್ ದೂರದಲ್ಲಿದೆ. ಬೆಂಗಳೂರು ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಸುಮಾರು 260 ಕಿಲೋಮೀಟರ್. ಗಾಳಿ ತೆಗೆಸದೆ, ಸಲೈನ್ ಹಾಕಿಸದೆ ಬೆಂಗಳೂರಿಗೆ ಹೊರಡುವುದೆಂದರೆ ನಾಯಿಯ ಕೈಲಿರುವ ಅಮೂಲ್ಯ ಗಂಟೆಗಳನ್ನು ರಸ್ತೆಯಲ್ಲಿ ಕಳೆದಂತೆ. 1962 ಸಂಖ್ಯೆಗೆ ಕರೆ ಮಾಡಿದರೆ ಬರುವ ಸಹಾಯವಾಣಿಯ ಸಂಚಾರಿ ಪಶು ಚಿಕಿತ್ಸಾ ವಾಹನಗಳು ಒಳ್ಳೆಯ ವ್ಯವಸ್ಥೆಯೇ, ಆದರೆ ಈ ಮಟ್ಟದ ಶಸ್ತ್ರಚಿಕಿತ್ಸೆ ವಾಹನದಲ್ಲಿ ನಡೆಯುವಂಥದ್ದಲ್ಲ.

ನಡುರಾತ್ರಿ ಕುಸಿದ ದೊಡ್ಡ ನಾಯಿಯನ್ನು ಆಟೊಗೆ ಹತ್ತಿಸುವುದು ಇಬ್ಬರಿಗೂ ಕಷ್ಟ. ಗಟ್ಟಿಯಾದ ಜಮಖಾನವೊಂದನ್ನು ಬಾಗಿಲ ಬಳಿಯೇ ಇಟ್ಟಿದ್ದರೆ ಅದರ ನಾಲ್ಕು ಮೂಲೆ ಹಿಡಿದು ಎತ್ತಬಹುದು. ಓಕರಿಸುತ್ತಿರುವ ನಾಯಿಯ ಬಾಯಿಯನ್ನು ಕಟ್ಟಬಾರದು. ಕಾರು ಇರುವ ನೆರೆಯವರಿಗೆ ಮೊದಲೇ ಹೇಳಿಟ್ಟಿರುವುದು ಉತ್ತಮ. ನಮ್ಮ ಬೀದಿಯಲ್ಲಿ ಹಾಗೆ ಹೇಳಿದಾಗ ಯಾರೂ ಇಲ್ಲವೆನ್ನಲಿಲ್ಲ.

ನಿಜವಾಗಿ ತಡೆಯುವ ಹತ್ತಿರಕ್ಕೆ ಬರುವ ಉಪಾಯವೊಂದಿದೆ, ಅದು ಅಂಗಡಿಯಲ್ಲಿ ಸಿಗುವುದಿಲ್ಲ. ಜಠರವನ್ನು ಹೊಟ್ಟೆಯ ಬಲಭಾಗದ ಒಳಗೋಡೆಗೆ ಹೊಲಿದು ನಿಲ್ಲಿಸುವ ಶಸ್ತ್ರಚಿಕಿತ್ಸೆ ಅದು. ಹೆಣ್ಣು ನಾಯಿಯ ಸಂತಾನಹರಣ ಚಿಕಿತ್ಸೆಯ ವೇಳೆಯಲ್ಲೇ ಇದನ್ನೂ ಮಾಡಿಸಿಕೊಳ್ಳಬಹುದು. ಇದಾದ ಮೇಲೂ ಗಾಳಿ ತುಂಬಿ ಉಬ್ಬಬಹುದು, ಆದರೆ ತಿರುಚಿಕೊಳ್ಳುವುದು ಬಹಳ ಅಪರೂಪ. ಒಮ್ಮೆ ತಿರುಚಿಕೊಂಡು ಬದುಕಿ ಉಳಿದ ನಾಯಿಗೆ ಈ ಹೊಲಿಗೆ ಹಾಕದೆ ಬಿಟ್ಟರೆ ಅರ್ಧಕ್ಕಿಂತ ಹೆಚ್ಚಿನವಕ್ಕೆ ಮತ್ತೆ ಬರುತ್ತದೆ. ಗ್ರೇಟ್ ಡೇನ್ ಮರಿ ತರುವವರು ಮೊದಲ ವರ್ಷದಲ್ಲೇ ವೈದ್ಯರೊಡನೆ ಈ ಮಾತು ಎತ್ತಬೇಕು.

ಬಟ್ಟಲೊಂದನ್ನೇ ಬಿಡಿಯಾಗಿ 600 ರೂಪಾಯಿಗೆ ಕೊಡುತ್ತಾರೆ, ಕೇಳಬೇಕಷ್ಟೆ. ಆ ಬೆಲೆಗೆ ಧಾರಾಳವಾಗಿ ಕೊಳ್ಳಬಹುದು. ಮೂತಿ ಉದ್ದವಿರುವ ನಾಯಿಗಳಿಗೆ ದಿಣ್ಣೆಗಳ ನಡುವೆ ಅಗಲವಿರುವ ದೊಡ್ಡ ಅಳತೆಯದೇ ಬೇಕು. ಸಣ್ಣದರಲ್ಲಿ ಊಟ ಸಿಗದೆ ನಾಯಿ ಸಿಟ್ಟಾಗಿ ಬಟ್ಟಲನ್ನೇ ಮಗುಚಿ ಹಾಕುತ್ತದೆ. ಅನ್ನನಾಳ ಸಡಿಲಗೊಂಡು ತಿಂದದ್ದು ಹಿಂದಕ್ಕೆ ಬರುವ ಕಾಯಿಲೆಯಿರುವ ನಾಯಿಗಳಿಗೆ ಎತ್ತರದಲ್ಲಿ ತಿನ್ನಿಸಲು ವೈದ್ಯರೇ ಹೇಳುವುದುಂಟು. ಸ್ಟ್ಯಾಂಡಿನ 1,250 ರೂಪಾಯಿ ಖರ್ಚು ಮಾಡಬೇಕಾದವರು ಅಂಥ ನಾಯಿಗಳನ್ನು ಸಾಕುವವರು ಮಾತ್ರ, ಅದೂ ವೈದ್ಯರು ಹೇಳಿದ ಮೇಲೆ.