ಅತ್ತೆಯನ್ನು ನೋಡಿಕೊಳ್ಳಲು ನಾವು ಮಾಡಿ ನೋಡಿದ ಐದು ಏರ್ಪಾಡು

ಅತ್ತೆಗೆ ಈಗ 81. ಆರು ವರ್ಷದ ಹಿಂದೆ ಸಾರಿಗೆ ಎರಡು ಸಲ ಉಪ್ಪು ಹಾಕಿದಾಗ ಅರಳು ಮರಳು ಅಂತ ಎಲ್ಲರೂ ನಕ್ಕಿದ್ದೆವು. ಪೆನ್ಷನ್ ತರಲು ಬ್ಯಾಂಕಿಗೆ ಹೋದವರು ದಾರಿ ತಪ್ಪಿ ಬನಶಂಕರಿ ಬಸ್ ನಿಲ್ದಾಣದಲ್ಲಿ ಕತ್ತಲಾಗುವವರೆಗೆ ಕೂತಿದ್ದ ದಿನ ಆ ನಗು ನಿಂತಿತು. ನಿಮ್ಹಾನ್ಸ್‌ನಲ್ಲಿ ಪರೀಕ್ಷೆ ಮಾಡಿ ಅಲ್ಝೈಮರ್ಸ್ ಅನ್ನುವ ಮರೆವಿನ ಕಾಯಿಲೆ ಅಂದರು, ಡೊನೆಪೆಜಿಲ್ ಮಾತ್ರೆ ಕೊಟ್ಟರು, ಇದರಿಂದ ವಾಸಿಯಾಗುವುದಿಲ್ಲ ಅಂತಲೂ ಆವತ್ತೇ ಹೇಳಿದರು.

ಮಾತ್ರೆಯ ಬಗ್ಗೆ ವಿಚಾರಿಸುವವರು ಬೇಕಾದಷ್ಟು ಜನ. ನೋಡಿಕೊಳ್ಳುವವರಿಗೆ ಯಾವುದರಿಂದ ಉಸಿರಾಡಲು ಆಗುತ್ತದೆ ಅಂತ ಕೇಳುವವರು ಕಡಿಮೆ. ಹಾಗಾಗಿ ನಾವು ಮಾಡಿ ನೋಡಿದ್ದನ್ನೆಲ್ಲ ಒಂದರ ಪಕ್ಕ ಒಂದಿಟ್ಟು ಬರೆಯುತ್ತಿದ್ದೇನೆ. ನನ್ನ ಅಳತೆಗೋಲು ಒಂದೇ: ಹಿಂದಿನ ರಾತ್ರಿ ಎಚ್ಚರವಾಗದೆ ಎಷ್ಟು ಗಂಟೆ ಮಲಗಿದೆ. ಅಡುಗೆಮನೆ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ಅದನ್ನೂ ಗುರುತು ಹಾಕುತ್ತಿದ್ದೆ.

ಮೊದಲು ಮಾಡಿದ್ದು ಸರದಿ. ಮೂವರು ಮಕ್ಕಳು, ತಲಾ ಮೂರು ತಿಂಗಳು. ಹಾಸನದಲ್ಲಿ ಭಾವನ ಮನೆ, ಮೈಸೂರಿನಲ್ಲಿ ನಾದಿನಿ ಮನೆ, ಆಮೇಲೆ ನಮ್ಮ ಮನೆ. ಕೇಳಲು ನ್ಯಾಯವಾಗಿತ್ತು. ಆದರೆ ಹಾಸನದಲ್ಲಿ ಬಚ್ಚಲು ಎಡಕ್ಕಿದ್ದರೆ ನಮ್ಮಲ್ಲಿ ಬಲಕ್ಕೆ. ರಾತ್ರಿ ಎದ್ದವರು ಎಡಕ್ಕೇ ತಿರುಗಿ ದೇವರಮನೆ ಬಾಗಿಲು ತಳ್ಳುತ್ತಿದ್ದರು. ಹಾಸನದಿಂದ ಬಂದಾಗ ಸೀರೆ ಉಡುವುದು ಮರೆತಿತ್ತು, ಮೈಸೂರಿನಿಂದ ಬಂದಾಗ ನನ್ನ ಹೆಸರು. ಕಾಯಿಲೆಯೂ ತನ್ನ ಪಾಡಿಗೆ ಮುಂದುವರಿಯುತ್ತಿತ್ತು, ಎಲ್ಲವನ್ನೂ ಪ್ರಯಾಣದ ತಲೆಗೆ ಕಟ್ಟಲಾರೆ. ಆದರೂ ಐದರಲ್ಲಿ ಇದಕ್ಕೇ ಕೊನೆಯ ಸ್ಥಾನ. ನನಗೆ ಆರು ತಿಂಗಳು ಚೆನ್ನಾಗಿ ನಿದ್ದೆ ಬಂತು ನಿಜ. ಅತ್ತೆ ಮರಳಿ ಬಂದ ಮೇಲಿನ ಮೂರು ವಾರದಲ್ಲಿ ಅಷ್ಟನ್ನೂ ಬಡ್ಡಿ ಸಮೇತ ತೀರಿಸಿದೆ.

ಆಮೇಲೆ ಡೇ ಕೇರ್. ಬೆಳಿಗ್ಗೆ ಹತ್ತಕ್ಕೆ ವ್ಯಾನು ಬಂದರೆ ನಾಲ್ಕಕ್ಕೆ ವಾಪಸ್. ಅಲ್ಲಿ ದೇವರನಾಮ ಹಾಡಿಸುತ್ತಿದ್ದರು, ಅವರೆಕಾಯಿ ಬಿಡಿಸಲು ಕೊಡುತ್ತಿದ್ದರು. ಮೂವತ್ತು ವರ್ಷ ಪಾಠ ಹೇಳಿದ ಅತ್ತೆ ಅಲ್ಲಿದ್ದವರನ್ನೆಲ್ಲ ತಮ್ಮ ಮಕ್ಕಳೆಂದುಕೊಂಡು ಹಾಜರಿ ಕರೆಯುತ್ತಿದ್ದರಂತೆ. ಹಗಲು ಚಟುವಟಿಕೆಯಿಂದ ಇದ್ದ ದಿನ ರಾತ್ರಿ ನಾಲ್ಕು ಗಂಟೆ ಮಲಗುತ್ತಿದ್ದರು, ನಾನೂ ಮಲಗುತ್ತಿದ್ದೆ. ವ್ಯಾನು ಸೇರಿ ತಿಂಗಳಿಗೆ ಹದಿಮೂರು ಸಾವಿರ ಕೊಟ್ಟೆವು. ಕಾಯಿಲೆ ಶುರುವಿನಲ್ಲಿದ್ದರೆ, ನಿಮ್ಮ ಹತ್ತಿರದಲ್ಲಿ ಇಂಥದ್ದೊಂದು ಇದ್ದರೆ, ಯೋಚಿಸದೆ ಸೇರಿಸಿ. ನಮಗೆ ದಕ್ಕಿದ್ದು ಹದಿನಾಲ್ಕು ತಿಂಗಳು. ವ್ಯಾನಿನ ಮೆಟ್ಟಿಲು ಹತ್ತಲು ಹೆದರಿ ಕಂಬಿ ಹಿಡಿದು ಕಿರುಚಲು ಶುರು ಮಾಡಿದ ಮೇಲೆ ಬಿಡಿಸಬೇಕಾಯಿತು.

ಮೂರನೆಯದು ಏಜೆನ್ಸಿಯಿಂದ ಆಯಾ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಏಕೆಂದರೆ ಹೆಚ್ಚಿನವರು ಬಂದು ನಿಲ್ಲುವುದೂ ಇಲ್ಲೇ. ಹನ್ನೆರಡು ಗಂಟೆಯ ಡ್ಯೂಟಿಗೆ ತಿಂಗಳಿಗೆ ಇಪ್ಪತ್ತನಾಲ್ಕು ಸಾವಿರ ಕೊಟ್ಟೆವು, ಮುಂಗಡ ಬೇರೆ. ತರಬೇತಿ ಆದವರನ್ನೇ ಕಳಿಸುತ್ತೇವೆ ಅಂದಿದ್ದರು. ಮೊದಲು ಬಂದ ಹುಡುಗಿಗೆ ಡಿಮೆನ್ಷಿಯಾ (ಅಲ್ಝೈಮರ್ಸ್‌ನಂಥ ಮರೆವಿನ ಕಾಯಿಲೆಗಳ ಒಟ್ಟು ಹೆಸರು) ಅಂದರೇನೆಂದು ನಾನೇ ಹೇಳಿಕೊಡಬೇಕಾಯಿತು. ಎಂಟು ತಿಂಗಳಲ್ಲಿ ಐವರು ಬದಲಾದರು.

ಅವರಲ್ಲಿ ಮೂವರಿಗೆ ಕನ್ನಡ ಬರುತ್ತಿರಲಿಲ್ಲ. ಅತ್ತೆಗೆ ಇಂಗ್ಲಿಷು, ಹಿಂದಿ ಎರಡೂ ಗೊತ್ತಿತ್ತು. ಆದರೆ ಈ ಕಾಯಿಲೆಯಲ್ಲಿ ಆಮೇಲೆ ಕಲಿತದ್ದು ಮೊದಲು ಹೋಗುತ್ತದೆ ಅನ್ನುವುದು ನಮ್ಮ ಮನೆಯಲ್ಲಂತೂ ನಿಜವಾಯಿತು. ಹಿಂದಿ ಹೋಯಿತು, ಇಂಗ್ಲಿಷು ಹೋಯಿತು, ಅರಸೀಕೆರೆಯ ಬಾಲ್ಯದ ಕನ್ನಡ ಉಳಿಯಿತು. ಯಾರೋ ಗುರುತಿಲ್ಲದವರು ತಿಳಿಯದ ಮಾತಿನಲ್ಲಿ ಏನೋ ಹೇಳುತ್ತ ಸೆರಗು ಎಳೆದರೆ ಯಾರಾದರೂ ಹೊಡೆಯುತ್ತಾರೆ. ಅತ್ತೆಯೂ ಹೊಡೆದರು.

ಐದನೆಯವರು ರಾಯಚೂರಿನ ಕಡೆಯವರು. ಸ್ನಾನ ಅಂದರೆ ಅತ್ತೆ ಬಾಗಿಲ ಚೌಕಟ್ಟು ಹಿಡಿದು ನಿಂತುಬಿಡುತ್ತಿದ್ದರು, ಆ ಪದದ ಜೊತೆ ಅಷ್ಟು ಜಗಳ ಅಂಟಿಕೊಂಡಿತ್ತು. ಈಕೆ ಬಂದ ಮೊದಲ ದಿನ, “ಬರ್ರಿ ಅಮ್ಮಾರ, ಜಳಕ ಮಾಡೂಣು” ಅಂದರು. ಅತ್ತೆ ಪದ ಕೇಳಿ ನಕ್ಕು ಹಿಂದೆ ಹೋದರು. ನಾನು ಅಡುಗೆಮನೆಯಲ್ಲಿ ಸೌಟು ಹಿಡಿದು ಹಾಗೇ ನಿಂತಿದ್ದೆ. ಏಜೆನ್ಸಿಯವರು ಭಾಷೆಯ ಬಗ್ಗೆ ಕೇಳುವುದಿಲ್ಲ, ನೀವೇ ಕೇಳಿ. ಸರ್ಟಿಫಿಕೇಟಿಗಿಂತ ಮೊದಲು ಕೇಳಿ.

ಇಷ್ಟಾದರೂ ಕ್ಯಾಲೆಂಡರಿನಲ್ಲಿ ಅಂಕಿ ಎರಡು, ಎರಡೂವರೆಗೇ ನಿಂತಿತ್ತು. ಅದಕ್ಕೆ ಕಾರಣ ಆಮೇಲೆ ಹೇಳುತ್ತೇನೆ.

ನಾಲ್ಕನೆಯದು, ಸ್ವಲ್ಪ ದಿನದ ಮಟ್ಟಿಗೆ ಆರೈಕೆ ಕೇಂದ್ರದಲ್ಲಿ ಬಿಡುವುದು. ನನಗೆ ಪಿತ್ತಕೋಶದ ಆಪರೇಷನ್ ಆದಾಗ ಬೇರೆ ದಾರಿ ಇರಲಿಲ್ಲ, ಹದಿನೈದು ದಿನ ಬಿಟ್ಟೆವು. “ಆಶ್ರಮಕ್ಕೆ ಹಾಕಿದರಂತೆ” ಅನ್ನುವ ಸುದ್ದಿ ನಾನು ಡಿಸ್ಚಾರ್ಜ್ ಆಗುವ ಮೊದಲೇ ಅರಸೀಕೆರೆ ಮುಟ್ಟಿತ್ತು. ವಾಪಸ್ ಬಂದಾಗ ಅತ್ತೆ ಎರಡು ಕೆಜಿ ಇಳಿದಿದ್ದರು, ಮನೆಗೆ ಹೊಂದಿಕೊಳ್ಳಲು ಹತ್ತು ದಿನ ಹಿಡಿಯಿತು. ಆ ಹದಿನೈದು ದಿನ ನಾನು ಏಳು ಗಂಟೆ, ಎಂಟು ಗಂಟೆ ಮಲಗಿದೆ. ಮತ್ತೆ ಅಂಥ ಸಂದರ್ಭ ಬಂದರೆ ಮತ್ತೆ ಬಿಡುತ್ತೇನೆ. ಆದರೆ ಮೊದಲು ಒಂದು ದಿನ, ಎರಡು ದಿನ ಬಿಟ್ಟು ಅಭ್ಯಾಸ ಮಾಡಿಸುತ್ತೇನೆ, ಹೊದೆಯುವ ಹಳೇ ಕೌದಿಯನ್ನೂ ಕಳಿಸುತ್ತೇನೆ.

ಐದನೆಯದಕ್ಕೆ ನನ್ನನ್ನು ಇವರು ಬಲವಂತವಾಗಿ ಕರೆದುಕೊಂಡು ಹೋಗಿದ್ದು: ನೋಡಿಕೊಳ್ಳುವವರು ತಿಂಗಳಿಗೊಮ್ಮೆ ಸೇರುವ ಕೂಟ. ನಮ್ಮ ಗೋಳೇ ಸಾಲದು ಅಂತ ಇನ್ನೊಬ್ಬರ ಗೋಳು ಕೇಳಲು ಹೋಗಬೇಕಾ ಅಂತ ದಾರಿಯುದ್ದಕ್ಕೂ ಗೊಣಗಿದೆ. ಹೋದರೆ ಕಾಸಿಲ್ಲದೆ ಸಿಕ್ಕಿದ್ದು ಬಹಳ. ಅತ್ತೆ ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ “ಮನೆಗೆ ಹೋಗೋಣ ನಡಿಯೇ” ಅಂತ ಚೀಲ ಹಿಡಿಯುತ್ತಿದ್ದರು. ಇದೇ ಮನೆ ಅಂತ ನಾನು ವಾದಿಸುತ್ತಿದ್ದೆ. ಹೆಂಡತಿಯನ್ನು ಒಂಬತ್ತು ವರ್ಷದಿಂದ ನೋಡಿಕೊಳ್ಳುತ್ತಿದ್ದ ಹಿರಿಯರೊಬ್ಬರು, “ವಾದ ಮಾಡಬೇಡಮ್ಮ, ಚಪ್ಪಲಿ ಹಾಕಿಸು, ಬೀದಿ ಕೊನೆ ತನಕ ಹೋಗಿ ಬಾ” ಅಂದರು. ಕತ್ತಲಾಗುವ ಮೊದಲೇ ಮನೆಯ ಲೈಟೆಲ್ಲ ಹಾಕಿಬಿಡು, ಕನ್ನಡಿ ನೋಡಿ ಬೆದರಿದರೆ ಮುಚ್ಚು, ಇವೂ ಅವರೇ ಹೇಳಿದ್ದು. ಸಂಜೆಯ ಜಗಳ ಅರ್ಧಕ್ಕಿಳಿಯಿತು. 1992ರಲ್ಲಿ ಕೇರಳದಲ್ಲಿ ಶುರುವಾದ ಎ.ಆರ್.ಡಿ.ಎಸ್.ಐ. ಅನ್ನುವ ಅಲ್ಝೈಮರ್ಸ್ ಸಂಸ್ಥೆಗೆ ಬೆಂಗಳೂರಿನಲ್ಲೂ ಶಾಖೆ ಇದೆ, ಹುಡುಕುವುದನ್ನು ಅಲ್ಲಿಂದ ಶುರು ಮಾಡಬಹುದು. ಹೋಗಲು ಆಗದವರಿಗೆ ಟೆಲಿ ಮಾನಸ್ ಅನ್ನುವ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, ನಂಬರು 14416. ಕನ್ನಡದಲ್ಲೇ ಮಾತಾಡುತ್ತಾರೆ. ಒಮ್ಮೆ ಮಧ್ಯರಾತ್ರಿ ನಾನು ಅದಕ್ಕೆ ಫೋನು ಮಾಡಿ ಸುಮ್ಮನೆ ಅತ್ತಿದ್ದೂ ಉಂಟು.

ಕ್ಯಾಲೆಂಡರಿನ ಗುಟ್ಟು ಬಯಲಾಗಿದ್ದೂ ಆ ಕೂಟದಲ್ಲೇ. ಆಯಾ ಇದ್ದೂ ನಿದ್ದೆ ಇಲ್ಲ ಅಂದಾಗ ಪಕ್ಕದಲ್ಲಿದ್ದ ಹೆಂಗಸು, “ಡ್ಯೂಟಿ ಯಾವಾಗ?” ಅಂದರು. ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟು. “ಅತ್ತೆ ಎದ್ದು ಓಡಾಡೋದು?” ರಾತ್ರಿ. ಅವರು ಮುಂದೇನೂ ಕೇಳಲಿಲ್ಲ. ಎಲ್ಲರೂ ಹಗಲಿಗೆ ಇಟ್ಟುಕೊಳ್ಳುತ್ತಾರೆ ಅಂತ ನಾವೂ ಹಗಲಿಗೇ ಇಟ್ಟುಕೊಂಡಿದ್ದೆವು. ಮುಂದಿನ ತಿಂಗಳಿಂದ ಅದೇ ದುಡ್ಡಿಗೆ ರಾಯಚೂರಿನವರನ್ನು ರಾತ್ರಿಗೆ ಹಾಕಿಸಿಕೊಂಡೆವು. ಮೊದಲ ವಾರದ ಅಂಕಿಗಳು: 5, 6, 6, 4, 7, 6, 6.

ಸರದಿಯನ್ನೂ ತಿರುಗಿಸಿದೆವು. ಈಗ ಅತ್ತೆ ಎಲ್ಲೂ ಹೋಗುವುದಿಲ್ಲ, ಮಕ್ಕಳೇ ಬರುತ್ತಾರೆ. ನಾದಿನಿ ತಿಂಗಳಿಗೆ ನಾಲ್ಕು ದಿನ ಬಂದಿರುತ್ತಾಳೆ, ಭಾವ ಆಯಾ ಸಂಬಳದಲ್ಲಿ ಅರ್ಧ ಕೊಡುತ್ತಾರೆ. ಮುಂದಿನ ವಾರ ಆಯಾ ಊರ ಜಾತ್ರೆಗೆ ಹೊರಟಿದ್ದಾರೆ, ಐದು ರಾತ್ರಿ ಭಾವನ ಪಾಳಿ. ಅವರಿಗೆ ಫೋನಿನಲ್ಲಿ ಎರಡು ಸಲ ಹೇಳಿದ್ದೇನೆ: ಸ್ನಾನ ಅನ್ನಬೇಡಿ, ಜಳಕ ಅನ್ನಿ.