ರಿಂಗ್ ರೋಡ್ ಕಡಿ ಸಿಮೆಂಟ್ ರಿಂಗ್ ಅಂಗಡಿ: ಮಾಲ್ ಛಲೋ ಅದ, ಲೀಟರ್ ಲೆಕ್ಕ ನೀವೇ ಹಾಕ್ರಿ

ನಳದ ನೀರು ತುಂಬಿಡ್ಲಿಕ್ಕ ಅಂಗಳದಾಗ ರಿಂಗಿನ ಟಾಕಿ ಕೂಡಿಸ್ಬೇಕಂತ ಕಲಬುರಗಿ ರಿಂಗ್ ರೋಡ್ ಕಡಿ ಒಂದು ಅಂಗಡಿಗೆ ಹೋಗಿದ್ದೆ, ಹೆಸರು ಬ್ಯಾಡ ಬಿಡ್ರಿ. ರಿಂಗ್ ಖರೇನೇ ಗಟ್ಟಿ ಅವ. ಒಳಗ ತಂತಿ ಹಾಕ್ತಾರ, ಈ ಬಿಸಲಾಗೂ ಹಸಿ ಗೋಣಿಚೀಲ ಹೊಚ್ಚಿ ನೀರು ಹೊಡೀತಿದ್ರು, ಬ್ಯಾರೆ ಕಡಿ ಬಿರುಕು ಬಿಟ್ಟಿದ್ದಕ್ಕ ಮ್ಯಾಲ ಸಿಮೆಂಟ್ ಸವರಿ ಕೊಡವ್ರೂ ಅದಾರ.

ತಕರಾರು ಅಂದ್ರ ಅಳತಿದು. 4 ಫೂಟಿನ ರಿಂಗ್, ಒಂದೊಂದು ಫೂಟ್ ಎತ್ತರ, ಐದು ತಗೊಂಡ್ರ 1750 ಲೀಟರ್ ಹಿಡೀತದ ಅಂದ್ರು ಮಾಲಕರು. ಅಲ್ಲೇ ಟೇಪ್ ಇಸ್ಕೊಂಡು ಹಿಡದು ನೋಡಿದ್ರ 4 ಫೂಟು ಹೊರಗಿಂದ ಹೊರಗ! ಗ್ವಾಡಿ ಎರಡು ಕಡಿಗೂ ಎರಡೆರಡು ಇಂಚು ದಪ್ಪ, ನೀರು ನಿಂದ್ರೋ ಜಾಗ 3 ಫೂಟ್ 8 ಇಂಚು ಅಷ್ಟೇ. ಸಾಲ್ಯಾಗ ಪೈ ಆರ್ ಸ್ಕ್ವೇರ್ ಎಚ್ ಅಂತ ಕಲ್ತಿದ್ದೇ ಇದು, ಫೂಟಿನಾಗ ಅಳದ್ರ ಇನ್ನೂ ಸಸಾರ: ಒಳಗಿನ ಅಗಲಕ್ಕ ಅದೇ ಅಗಲ ಗುಣಿಸ್ರಿ, ಎತ್ತರಕ್ಕ ಗುಣಿಸ್ರಿ, ಬಂದಿದ್ದಕ್ಕ 22 ಗುಣಿಸಿದ್ರ ಲೀಟರ್ ಸಿಗ್ತದ (ಒಂದು ಘನ ಅಡಿಗೆ 28.3 ಲೀಟರ್, ಅದಕ್ಕ ಪೈದಾಗಿನ ಕಾಲು ಪಾಲು ಗುಣಿಸಿದ್ರ 22ರ ಮ್ಯಾಲ ಜರಾ). ಒಂದು ರಿಂಗಿಗೆ ಸುಮಾರು 296, ಐದಕ್ಕ 1480. ಅಂದ್ರ 15 ಲೀಟರಿನ ಕೊಡದಾಗ 18 ಕೊಡ ನೀರು ಗ್ವಾಡಿ ಒಳಗೇ ಹೋಯ್ತು! ಅದರ ಮ್ಯಾಲ ನಳ ಬುಡದಿಂದ 3 ಇಂಚು ಮ್ಯಾಲ ಕೂಡಿಸ್ತಾರ, ಕೆಳಗಿನ 75 ಲೀಟರ್ ನಳದಾಗ ಬರಂಗೇ ಇಲ್ಲ.

"ಎಲ್ಲಾರೂ ಹೊರಗಿಂದೇ ಹೇಳ್ತಾರ್ರೀ ಸರ" ಅಂದ್ರು ಮಾಲಕರು, ಸಿಟ್ಟೇನೂ ಮಾಡ್ಲಿಲ್ಲ. ಇರಬಹುದು, ಆದ್ರ ಲೀಟರ್ ಹೆಸರು ತಗೊಂಡ್ಮ್ಯಾಲ ಒಳಗಿನ ಅಳತಿನೇ ಹೇಳ್ಬೇಕಲ್ರಿ.

ನಾ ಕಡಿಗೆ 5 ಫೂಟಿನವ ಮೂರು ತಗೊಂಡೆ. ಒಳಗ 4 ಫೂಟ್ 8 ಇಂಚು, ಒಂದಕ್ಕ ಸುಮಾರು 479 ಲೀಟರ್, ಮೂರಕ್ಕ 1437, ಅಂದ್ರ 4 ಫೂಟಿನ ಐದಕ್ಕ ಹತ್ರ ಹತ್ರ ಬಂತು ನೋಡ್ರಿ. ಅಗಲ ಎರಡು ಸಲ ಗುಣಾಕಾರದಾಗ ಬರ್ತದ, ಎತ್ತರ ಒಂದೇ ಸಲ, ಅದಕ್ಕ ಜಾಗ ಇದ್ದವ್ರು ಅಗಲಂದೇ ತಗೋರಿ. ಮೂರೇ ಫೂಟ್ ಎತ್ತರ ಇರೋದ್ರಿಂದ ಅವ್ವಗ ನಿಂತಲ್ಲೇ ತಂಬಗಿ ಅದ್ದಿ ತಗೋಳಿಕ್ಕೂ ಬರ್ತದ.

ಮಾಲಿಗೆ 4 ಸ್ಟಾರ್, ಅಳತಿ ಹೇಳೋದಕ್ಕ 2. ಟ್ರ್ಯಾಕ್ಟರ್ ಬಾಡಿಗಿ ಬ್ಯಾರೆ, ಕೂಡಿಸೋ ಮಿಸ್ತ್ರಿ ಕೂಲಿ ಬ್ಯಾರೆ, ಎರಡೂ ಮೊದ್ಲೇ ಕೇಳಿ ಬರಸ್ಕೋರಿ.